ಉದ್ಯೋಗ ಮೇಳವೋ, ಸಂದರ್ಶನದ ಕೋಚಿಂಗೋ? ಕೆಲಸ ಹುಡುಕುತ್ತಿರುವ ನಮ್ಮ ಜಿಲ್ಲೆಯ ಪೈಲಟ್‌ಗಳಿಗೆ

ಎರಡು ತಿಂಗಳಲ್ಲಿ ಮೂವರು ನನ್ನನ್ನು ಒಂದೇ ಪ್ರಶ್ನೆ ಕೇಳಿದರು. ಕುಮಟಾದ ಹುಡುಗನಿಗೆ ಸಿಪಿಎಲ್ (ವೃತ್ತಿಪರ ಪೈಲಟ್ ಲೈಸೆನ್ಸ್) ಬಂದು ಹದಿನಾಲ್ಕು ತಿಂಗಳಾಯಿತು, ಇನ್ನೂ ಒಂದು ಕರೆಯೂ ಬಂದಿಲ್ಲ. ಕಾರವಾರದ ಹುಡುಗಿ ಒಂದು ವಿಮಾನ ಕಂಪನಿಯ ಲಿಖಿತ ಪರೀಕ್ಷೆ ದಾಟಿ ಸಂದರ್ಶನದಲ್ಲಿ ನಿಂತುಬಿಟ್ಟಿದ್ದಾಳೆ. ಅಂಕೋಲಾದಿಂದ ಒಬ್ಬ ತಾಯಿ ಮಗನ ಪರವಾಗಿ ಫೋನ್ ಮಾಡಿದರು: "ಇಂಟರ್‌ವ್ಯೂಗೆ ತಯಾರು ಮಾಡ್ತಾರಂತೆ, ಎಂಬತ್ತು ಸಾವಿರ ಕೇಳ್ತಿದ್ದಾರೆ. ಕೊಡಬೇಕೋ ಬೇಡವೋ?" ಮೂವರ ಮನಸ್ಸಿನಲ್ಲೂ ಇದ್ದದ್ದು ಒಂದೇ. ಉದ್ಯೋಗ ಮೇಳ ಸುತ್ತಬೇಕೋ, ಕೋಚಿಂಗಿಗೆ ದುಡ್ಡು ಹಾಕಬೇಕೋ, ಅಥವಾ ಮನೆಯಲ್ಲೇ ಕೂತು ಓದಬೇಕೋ?

ನಾನು ಶಿರಸಿ ತಾಲೂಕಿನವನು. ನನ್ನ ತರಬೇತಿಗೆ ಅಪ್ಪ ಅಡಿಕೆ ತೋಟದ ಮೇಲೆ ಸಾಲ ತೆಗೆದಿದ್ದರು. ಲೈಸೆನ್ಸ್ ಬಂದ ಮೇಲೆ ಎರಡು ವರ್ಷ ಕೆಲಸವಿಲ್ಲದೆ ಕಳೆದೆ. ಆ ಎರಡು ವರ್ಷದಲ್ಲಿ ಮೇಳಗಳಿಗೂ ಹೋದೆ, ಕೋಚಿಂಗೂ ತೆಗೆದುಕೊಂಡೆ, ನೆಲದ ಮೇಲೇ ವಿಮಾನ ಹಾರಿಸಿದ ಅನುಭವ ಕೊಡುವ ಸಿಮ್ಯುಲೇಟರಿಗೂ ದುಡ್ಡು ಕಟ್ಟಿದೆ. ಈಗ ಎಟಿಆರ್ ವಿಮಾನದ ಬಲಬದಿಯ ಸೀಟಿನಲ್ಲಿ, ಅಂದರೆ ಸಹ ಪೈಲಟ್ ಆಗಿ, ಕೂರುತ್ತೇನೆ. ಯಾವುದು ಎಷ್ಟು ಕೈಹಿಡಿಯಿತು ಎಂದು ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಮೊದಲು ಮಾರುಕಟ್ಟೆಯ ಮಾತು. 2023ರಲ್ಲಿ ನಾಗರಿಕ ವಿಮಾನಯಾನದ ನಿಯಂತ್ರಕ ಡಿಜಿಸಿಎ 1,622 ಸಿಪಿಎಲ್ ಕೊಟ್ಟಿತು. ಅದೇ ವರ್ಷ ಫೆಬ್ರವರಿಯಲ್ಲಿ ಏರ್ ಇಂಡಿಯಾ 470 ವಿಮಾನ, ಜೂನ್‌ನಲ್ಲಿ ಇಂಡಿಗೋ 500 ವಿಮಾನ ಖರೀದಿಸುವುದಾಗಿ ಪ್ರಕಟಿಸಿದವು. ಪೇಪರಿನಲ್ಲಿ ಇದನ್ನು ಓದಿದ ಮನೆಯವರಿಗೆ "ಲೈಸೆನ್ಸ್ ಬಂದರೆ ಕೆಲಸ ಬಂದ ಹಾಗೆಯೇ" ಅನ್ನಿಸುವುದು ಸಹಜ. ಆದರೆ ಆರ್ಡರ್ ಕೊಟ್ಟ ವಿಮಾನ ಬಂದು ಇಳಿಯುವುದಕ್ಕೆ ವರ್ಷಗಳು ಬೇಕು. 2025ರ ಡಿಸೆಂಬರಿನಲ್ಲಿ, ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮ ಜಾರಿಯಾದ ಬೆನ್ನಿಗೇ, ಇಂಡಿಗೋದ ಸಾವಿರಾರು ಹಾರಾಟ ರದ್ದಾದವು. ಆಗ ನನಗೆ ಬಂದ ಫೋನುಗಳೆಲ್ಲ "ಇನ್ನು ನಮ್ಮ ಹುಡುಗನಿಗೆ ಆಗತ್ತಲ್ಲ" ಎಂಬುವೇ. 200 ಗಂಟೆ ಹಾರಿದ ಹೊಸಬನನ್ನು ವಿಮಾನದ ಸೀಟಿಗೆ ತರಲು ಟೈಪ್ ರೇಟಿಂಗ್ (ಒಂದು ಮಾದರಿಯ ವಿಮಾನ ಹಾರಿಸುವ ಅರ್ಹತೆ), ಲೈನ್ ಟ್ರೇನಿಂಗ್ (ಪ್ರಯಾಣಿಕರ ಹಾರಾಟದಲ್ಲೇ ಕೊಡುವ ತರಬೇತಿ) ಎಂದು ತಿಂಗಳುಗಟ್ಟಲೆ ಹಿಡಿಯುತ್ತದೆ. ಪೈಲಟ್‌ಗಳ ಕೊರತೆ ಇದೆ ಎಂದಾಗ ಕಂಪನಿ ಮೊದಲು ಹುಡುಕುವುದು ಕ್ಯಾಪ್ಟನ್‌ಗಳನ್ನು ಮತ್ತು ಆಗಲೇ ಟೈಪ್ ರೇಟಿಂಗ್ ಆದವರನ್ನು. ಹೊಸಬರ ಸಾಲು ಬೇರೆಯೇ, ಅದು ನಿಧಾನ.

ಯಾವುದರಿಂದ ಅಳೆಯಬೇಕು

ದುಡ್ಡು ಕೊಡುವ ಮೊದಲು ನಾಲ್ಕು ಪ್ರಶ್ನೆ ಕೇಳಿಕೊಳ್ಳಿ.

ನೀವು ಯಾವ ಮೆಟ್ಟಿಲಲ್ಲಿ ನಿಂತಿದ್ದೀರಿ? ನಮ್ಮ ದೇಶದ ಕಂಪನಿಗಳ ಆಯ್ಕೆ ಹೆಚ್ಚುಕಡಿಮೆ ಹೀಗೆ ಸಾಗುತ್ತದೆ: ಕಂಪನಿಯ ಜಾಲತಾಣದಲ್ಲಿ ಅರ್ಜಿ, ಡಿಜಿಸಿಎ ವಿಷಯಗಳ ಲಿಖಿತ ಪರೀಕ್ಷೆ, ಕಂಪ್ಯೂಟರಿನ ಮುಂದೆ ಕೈ-ಕಣ್ಣು-ಗಮನ ಪರೀಕ್ಷಿಸುವ ಸೈಕೋಮೆಟ್ರಿಕ್, ಗುಂಪು ಚಟುವಟಿಕೆ, ಸಂದರ್ಶನ, ಸಿಮ್ಯುಲೇಟರ್ ಚೆಕ್. ಕಂಪನಿಯಿಂದ ಕಂಪನಿಗೆ ಕ್ರಮ ಹಿಂದುಮುಂದಾಗುತ್ತದೆ. ಲಿಖಿತ ಪರೀಕ್ಷೆಯಲ್ಲೇ ನಿಂತವನಿಗೆ ಸಂದರ್ಶನದ ಕೋಚಿಂಗ್ ಎಂದರೆ ಈಜು ಬಾರದವನಿಗೆ ದೋಣಿಯ ಬಣ್ಣದ ಚಿಂತೆ.

ಎರಡನೆಯದು, ಆ ದಾರಿಯ ಕೊನೆಯಲ್ಲಿ ನೇಮಕ ಮಾಡಿಕೊಳ್ಳುವ ಅಧಿಕಾರ ಇರುವ ಮನುಷ್ಯ ಕೂತಿದ್ದಾನೆಯೇ? ಮೂರನೆಯದು, ಇಲ್ಲಿ ಕಲಿತದ್ದು ಮುಂದಿನ ಬೇರೆ ಕಂಪನಿಯ ಆಯ್ಕೆಗೂ ಉಳಿಯುತ್ತದೆಯೇ, ಅಲ್ಲೇ ಖರ್ಚಾಗಿ ಹೋಗುತ್ತದೆಯೇ? ಕೊನೆಯದು, ನಿಜವಾದ ಖರ್ಚು ಎಷ್ಟು? ಫೀಸಿನ ಜೊತೆಗೆ ಶಿರಸಿಯಿಂದ ಬೆಂಗಳೂರಿಗೆ ರಾತ್ರಿ ಬಸ್ಸು, ಕಾರವಾರದಿಂದ ದೆಹಲಿ ಕಡೆಗೆ ಎರಡು ಹಗಲಿನ ರೈಲು, ಲಾಡ್ಜ್, ಊಟ ಎಲ್ಲ ಸೇರಿಸಿ ಲೆಕ್ಕ ಹಾಕಿ. ಹೆಚ್ಚಿನ ಆಯ್ಕೆಗಳು ಗುರುಗ್ರಾಮದ ಸುತ್ತಮುತ್ತ ನಡೆಯುತ್ತವೆ. ಅಲ್ಲಿಗೆ ಹೋಗಿಬರುವ ದುಡ್ಡು ಕೈಲಿಲ್ಲದೆ ಕರೆ ಬಂದ ದಿನ ಸಾಲ ಕೇಳಿದವರನ್ನು ಬಲ್ಲೆ.

ಜಿಲ್ಲೆಯ ಉದ್ಯೋಗ ಮೇಳ

ಇದನ್ನು ಬೇಗ ಮುಗಿಸುತ್ತೇನೆ. ನಮ್ಮ ಕಡೆ ಕಾಲೇಜು ಮೈದಾನದಲ್ಲಿ ಶಾಮಿಯಾನ ಹಾಕಿ ನಡೆಸುವ ಮೇಳಗಳು ಪದವಿ, ಡಿಪ್ಲೊಮಾ, ಐಟಿಐ ಮುಗಿಸಿದವರಿಗೆ ನಿಜಕ್ಕೂ ಉಪಯೋಗದವು. ನನ್ನ ಚಿಕ್ಕಪ್ಪನ ಮಗಳಿಗೆ ಕೆಲಸ ಸಿಕ್ಕಿದ್ದೇ ಅಂಥ ಮೇಳದಲ್ಲಿ. ಪೈಲಟ್‌ಗೆ ಅಲ್ಲಿ ಏನೂ ಇಲ್ಲ. ನಾನು ಹೋದ ಮೇಳದಲ್ಲಿ "ಏವಿಯೇಷನ್" ಎಂಬ ಫಲಕ ನೋಡಿ ಅರ್ಧ ಗಂಟೆ ಸಾಲಿನಲ್ಲಿ ನಿಂತೆ. ಅದು ಗ್ರೌಂಡ್ ಸ್ಟಾಫ್ ಮತ್ತು ಕ್ಯಾಬಿನ್ ಕ್ರೂ ಕೋರ್ಸ್ ಮಾರುವ ಸಂಸ್ಥೆ. ಫಾರಂ ತುಂಬಿಸಿಕೊಂಡರು. ಆಮೇಲೆ ತಿಂಗಳಿಡೀ ಕೋರ್ಸ್ ಸೇರಿ ಎಂದು ಫೋನು. ಬಸ್ ಚಾರ್ಜು ಬಿಟ್ಟರೆ ದುಡ್ಡು ಹೋಗಲಿಲ್ಲ ನಿಜ, ಆದರೆ ಆ ದಿನ ಸಂಜೆ ಮನೆಗೆ ಬರುವಾಗ ಅಮ್ಮ ಬಾಗಿಲಲ್ಲಿ ನಿಂತು "ಏನಂದ್ರು?" ಎಂದು ಕೇಳಿದ್ದು ಇನ್ನೂ ನೆನಪಿದೆ.

ದೊಡ್ಡ ವಾಯುಯಾನ ಮೇಳಗಳು

ಬೆಸ ವರ್ಷಗಳಲ್ಲಿ ಯಲಹಂಕದ ಏರೋ ಇಂಡಿಯಾ, ಸಮ ವರ್ಷಗಳಲ್ಲಿ ಹೈದರಾಬಾದಿನ ಬೇಗಂಪೇಟೆಯಲ್ಲಿ ವಿಂಗ್ಸ್ ಇಂಡಿಯಾ. ಏರೋ ಇಂಡಿಯಾ ಮುಖ್ಯವಾಗಿ ರಕ್ಷಣಾ ವಲಯದ್ದು, ವಿಂಗ್ಸ್ ಇಂಡಿಯಾ ನಾಗರಿಕ ವಿಮಾನಯಾನದ್ದು. ಯಾವ ಕಂಪನಿ ಯಾವ ವಿಮಾನ ತರುತ್ತಿದೆ, ಯಾವ ಊರಿಗೆ ಹೊಸ ಹಾರಾಟ ಶುರುವಾಗುತ್ತಿದೆ, ತರಬೇತಿ ಸಂಸ್ಥೆಗಳು ಏನನ್ನು ಮಾರುತ್ತಿವೆ ಎಂಬುದು ಅಲ್ಲಿ ಒಂದೇ ದಿನದಲ್ಲಿ ಕಣ್ಣಿಗೆ ಬೀಳುತ್ತದೆ. ಸಂದರ್ಶನದಲ್ಲಿ "ನಮ್ಮ ಕಂಪನಿಯ ಬಗ್ಗೆ ಏನು ಗೊತ್ತು?" ಎಂದು ಕೇಳಿದಾಗ ಆ ತಿಳಿವಳಿಕೆ ಕೈಹಿಡಿಯುತ್ತದೆ. ಆದರೆ ಅಲ್ಲಿ ರೆಸ್ಯೂಮೆ ಕೊಟ್ಟರೆ ಕೆಲಸ ಆಗುತ್ತದೆ ಎಂದುಕೊಂಡು ಹೋಗಬೇಡಿ. ಮಳಿಗೆಯಲ್ಲಿದ್ದವರು ನನ್ನ ಪುಟ ತೆಗೆದುಕೊಂಡು, ನಕ್ಕು, "ಜಾಲತಾಣದಲ್ಲಿ ಅರ್ಜಿ ಹಾಕಿ" ಎಂದರು. ಮೂರು ಮಳಿಗೆಯಲ್ಲೂ ಅದೇ ಮಾತು.

ಹಾಗಾದರೆ ಅಮೆರಿಕದ ವಿಡಿಯೋಗಳಲ್ಲಿ ಪೈಲಟ್‌ಗಳು ಸೂಟು ತೊಟ್ಟು ಮೇಳಕ್ಕೆ ಹೋಗಿ, ಅಲ್ಲೇ ಸಂದರ್ಶನಕ್ಕೆ ಕರೆಸಿಕೊಂಡು ಬರುತ್ತಾರಲ್ಲ? ಕುಮಟಾದ ಹುಡುಗ ಕೇಳಿದ್ದು ಇದನ್ನೇ. ಅವರು ತೋರಿಸುವುದು ಸುಳ್ಳಲ್ಲ. ಅಲ್ಲಿ ಪೈಲಟ್‌ಗಳಿಗಾಗಿಯೇ ಮೇಳಗಳಿವೆ, ಕಂಪನಿಯ ನೇಮಕಾತಿ ವಿಭಾಗದ ಪೈಲಟ್‌ಗಳೇ ಮೇಜಿನ ಆಚೆ ಕೂರುತ್ತಾರೆ. ವ್ಯತ್ಯಾಸ ಇರುವುದು ಅನುಭವದಲ್ಲಿ. 2009ರಲ್ಲಿ ಬಫಲೋ ನಗರದ ಬಳಿ ಆದ ಅಪಘಾತದ ನಂತರ ಅಲ್ಲಿ ಕಾನೂನು ಬದಲಾಯಿತು. 2013ರಿಂದ ವಿಮಾನ ಕಂಪನಿಯ ಫಸ್ಟ್ ಆಫೀಸರ್‌ಗೂ (ಸಹ ಪೈಲಟ್) ಸಾಮಾನ್ಯವಾಗಿ 1,500 ಗಂಟೆ ಬೇಕು. ಆ ಮೇಳಕ್ಕೆ ಬರುವವನು ವರ್ಷಗಟ್ಟಲೆ ಹಾರಿಸಲು ಕಲಿಸಿದ್ದಾನೆ, ಸರಕು ಸಾಗಿಸಿದ್ದಾನೆ, ಇಂಜಿನ್ ಕೈಕೊಟ್ಟ ದಿನ ಕಂಡಿದ್ದಾನೆ. ಅವನಲ್ಲಿ ಹೇಳಲು ಕಥೆಯಿದೆ, ಎದುರು ಕೂತವನಿಗೆ ಮನುಷ್ಯನನ್ನು ಅಳೆಯಲು ಹತ್ತು ನಿಮಿಷ ಸಾಕು. ನಮ್ಮಲ್ಲಿ ಅರ್ಜಿ ಹಾಕುವ ಹೊಸಬರೆಲ್ಲರ ಲಾಗ್‌ಬುಕ್ಕಿನಲ್ಲೂ (ಹಾರಾಟ ಬರೆದಿಡುವ ಪುಸ್ತಕ) ಅದೇ 200 ಗಂಟೆ, ಅದೇ ಸೆಸ್ನಾ 172, ಒಂದಿಷ್ಟು ಮಲ್ಟಿ ಇಂಜಿನ್. ಕಾಗದದ ಮೇಲೆ ಎಲ್ಲರೂ ಒಂದೇ ಥರ ಕಾಣುವಾಗ ಕಂಪನಿಗೆ ಸೋಸುವ ದಾರಿ ಲಿಖಿತ ಪರೀಕ್ಷೆಯೇ. ಆದ್ದರಿಂದ ಅಲ್ಲಿನ ಸಲಹೆಯನ್ನು ಇಲ್ಲಿಗೆ ಹಾಗೆಯೇ ತಂದರೆ ಹೊಂದುವುದಿಲ್ಲ.

ನನ್ನ ಅಭಿಪ್ರಾಯ ಇಷ್ಟು: ಬೆಂಗಳೂರಿನಲ್ಲಿ ಬೇರೆ ಕೆಲಸವೂ ಇದ್ದರೆ, ಉಳಿಯಲು ನೆಂಟರ ಮನೆ ಇದ್ದರೆ ಒಮ್ಮೆ ಹೋಗಿ ನೋಡಿ. ಸಾಲ ಮಾಡಿ ಹೋಗಬೇಡಿ.

ಗುಂಪು ಕೋಚಿಂಗ್

ದೊಡ್ಡ ದುಡ್ಡು ಹೋಗುವುದು ಇಲ್ಲಿ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ನಾನು ಸೇರಿದ್ದ ತರಗತಿಯಲ್ಲಿ ಇಪ್ಪತ್ತೆರಡು ಜನ ಇದ್ದೆವು. ಹತ್ತು ದಿನ. ಮೊದಲ ದಿನವೇ ಒಂದು ಪಿಡಿಎಫ್ ಕೊಟ್ಟರು, ಅದರಲ್ಲಿ ಪ್ರಶ್ನೆಯೂ ಇತ್ತು, ಉತ್ತರವೂ ಇತ್ತು. "ಇನ್‌ಸ್ಟ್ರಕ್ಟರ್ ಜೊತೆ ಭಿನ್ನಾಭಿಪ್ರಾಯ ಬಂದಾಗ ಏನು ಮಾಡಿದಿರಿ?" ಎಂಬುದಕ್ಕೂ ಸಿದ್ಧ ಉತ್ತರ: ಇಂಧನ ಕಡಿಮೆ ಇತ್ತು, ನಾನು ವಿನಯದಿಂದ ಹೇಳಿದೆ, ಅವರು ಒಪ್ಪಿದರು. ಇಪ್ಪತ್ತೆರಡು ಜನರೂ ಅದೇ ಇಂಧನದ ಕಥೆ ಉರುಹೊಡೆದೆವು. ನಾನು ಅದನ್ನೇ ಒಂದು ಸಂದರ್ಶನದಲ್ಲಿ ಹೇಳಿದೆ. ಎದುರಿಗಿದ್ದ ಕ್ಯಾಪ್ಟನ್ ಪೆನ್ನು ಕೆಳಗಿಟ್ಟು ಕೇಳಿದರು: "ಆ ದಿನ ಟ್ಯಾಂಕಿನಲ್ಲಿ ಎಷ್ಟು ಲೀಟರ್ ಇತ್ತು? ಗಾಳಿ ಯಾವ ಕಡೆಯಿಂದ?" ನನ್ನಲ್ಲಿ ಉತ್ತರ ಇರಲಿಲ್ಲ, ಏಕೆಂದರೆ ಆ ದಿನವೇ ಇರಲಿಲ್ಲ. ಆ ಸಂದರ್ಶನ ಅಲ್ಲಿಗೇ ಮುಗಿಯಿತು. ಅಂದು ನನ್ನ ಬದುಕಿನಲ್ಲಿ ನಿಜವಾಗಿ ನಡೆದದ್ದನ್ನು ಹೇಳಿದ್ದರೆ? ಒಬ್ಬನೇ ದೂರದ ಊರಿಗೆ ಹಾರುವ ಸೋಲೋ ಕ್ರಾಸ್ ಕಂಟ್ರಿಯಲ್ಲಿ ಮಂಜು ಕವಿದಾಗ ಅರ್ಧ ದಾರಿಯಿಂದಲೇ ವಾಪಸಾಗಿದ್ದೆ, ಗಂಟೆ ಹಾಳಾಯಿತೆಂದು ಬೈಸಿಕೊಂಡಿದ್ದೆ. ಅದು ಸಣ್ಣ ಸಂಗತಿ, ಆದರೆ ನನ್ನದು. ಮುಂದಿನ ಸಂದರ್ಶನದಲ್ಲಿ ಅದನ್ನೇ ಹೇಳಿದೆ, ಮೇಲೆ ಕೇಳಿದ ಎಲ್ಲ ಪ್ರಶ್ನೆಗೂ ಉತ್ತರ ತಾನಾಗಿ ಬಂತು.

ಹಾಗೆಂದು ಕೋಚಿಂಗ್ ದಂಡ ಎಂದು ಹೇಳಲಾರೆ. ಕನ್ನಡ ಮಾಧ್ಯಮದಲ್ಲಿ ಓದಿದ ನಮ್ಮಂಥವರಿಗೆ ಅದು ಕೊಟ್ಟದ್ದು ಒಂದಿದೆ: ಹತ್ತು ಜನರ ಮುಂದೆ ಇಂಗ್ಲಿಷಿನಲ್ಲಿ ಬಾಯಿ ಬಿಡುವ ಧೈರ್ಯ. ಪೈಲಟ್‌ಗೆ ಭಾಷಾ ಪರೀಕ್ಷೆಯಲ್ಲಿ ಕನಿಷ್ಠ ನಾಲ್ಕನೇ ಮಟ್ಟ ಬೇಕೇ ಬೇಕು. ಅದು ಸಿಕ್ಕಿದವನಿಗೂ ಗುಂಪು ಚಟುವಟಿಕೆಯಲ್ಲಿ ನಾಲಗೆ ತಡೆಯುತ್ತದೆ. ಗುಂಪಿನಲ್ಲಿ ಇನ್ನೊಬ್ಬನ ಮಾತು ಪೂರ್ತಿ ಕೇಳಿಸಿಕೊಂಡು, ಒಪ್ಪದಿದ್ದರೆ ಸಮಾಧಾನದಿಂದ ಹೇಳುವುದು ಒಬ್ಬನೇ ಕೋಣೆಯಲ್ಲಿ ಕೂತು ಕಲಿಯುವ ವಿದ್ಯೆ ಅಲ್ಲ. ಕಾಕ್‌ಪಿಟ್ಟಿನಲ್ಲೂ ಅದೇ ಬೇಕು. ಪೈಲಟ್‌ನ ಸಾಮರ್ಥ್ಯಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕೈಯಿಂದ ಹಾರಿಸುವ ಕೌಶಲದ ಪಕ್ಕದಲ್ಲೇ ಸಂವಹನ, ನಾಯಕತ್ವ, ತಂಡದ ಕೆಲಸ, ಸಮಸ್ಯೆ ಬಿಡಿಸುವುದು, ಪರಿಸ್ಥಿತಿಯ ಅರಿವು ಇವೆ. ಒಳ್ಳೆಯ ತರಬೇತುದಾರ ನಿಮ್ಮ ಬದುಕಿನಿಂದಲೇ ಅವಕ್ಕೆ ಉದಾಹರಣೆ ಹೆಕ್ಕಿಸುತ್ತಾನೆ. ಸಿದ್ಧ ಉತ್ತರ ಕೊಡುವವನ ಹತ್ತಿರ ಹೋಗಲೇಬೇಡಿ.

ಸೇರುವ ಮೊದಲು ಎರಡು ವಿಷಯ ವಿಚಾರಿಸಿ. ಕಲಿಸುವವರು ಈಗ ಹಾರುತ್ತಿದ್ದಾರೆಯೇ ಅಥವಾ ಆಯ್ಕೆ ಸಮಿತಿಯಲ್ಲಿ ಕೂತವರೇ? ಒಬ್ಬೊಬ್ಬರಿಗೆ ಎಷ್ಟು ನಿಮಿಷದ ಮಾಕ್ (ಅಣಕು) ಸಂದರ್ಶನ? "ಕೆಲಸ ಗ್ಯಾರಂಟಿ" ಎಂಬ ಮಾತು ಬಂದರೆ ಎದ್ದು ಬನ್ನಿ. ಒಳಗಿನವರ ಪರಿಚಯ ಇದೆ, ಇಷ್ಟು ಕೊಟ್ಟರೆ ಸೀಟು ಎನ್ನುವವರೂ ಇದ್ದಾರೆ. ಕೆಲಸ ಕೊಡಲು ದುಡ್ಡು ಕೇಳುವುದಿಲ್ಲ ಎಂದು ವಿಮಾನ ಕಂಪನಿಗಳೇ ಎಚ್ಚರಿಸುತ್ತಿರುತ್ತವೆ. ಕೆಲವು ಯೋಜನೆಗಳಿಗೆ ಪರೀಕ್ಷಾ ಶುಲ್ಕ ಇದ್ದರೂ ಅದು ಕಂಪನಿಯ ಸ್ವಂತ ಜಾಲತಾಣದಲ್ಲೇ ಬರೆದಿರುತ್ತದೆ, ಯಾರದೋ ಫೋನ್ ನಂಬರಿಗೆ ಕಳಿಸುವಂಥದ್ದಲ್ಲ.

ಒಬ್ಬರ ಎದುರು ಒಬ್ಬರು

ಇಪ್ಪತ್ತೆರಡು ಜನರ ಹತ್ತು ದಿನಕ್ಕಿಂತ ಅನುಭವಿ ಪೈಲಟ್ ಒಬ್ಬರ ಎದುರು ಕೂತ ಎರಡು ಗಂಟೆ ನನಗೆ ಹೆಚ್ಚು ಕಲಿಸಿತು. ಅವರು ಉತ್ತರ ಹೇಳಿಕೊಡಲಿಲ್ಲ. ನನ್ನದೇ ಲಾಗ್‌ಬುಕ್ ತೆರೆದು ಪುಟ ತಿರುವುತ್ತ ಕೇಳಿದರು: ಈ ಹಾರಾಟ ಯಾಕೆ ಇಪ್ಪತ್ತು ನಿಮಿಷಕ್ಕೇ ಮುಗಿಯಿತು? ಈ ಎರಡು ತಿಂಗಳು ಯಾಕೆ ಖಾಲಿ? 2011ರಲ್ಲಿ ದೇಶದಲ್ಲಿ ನಕಲಿ ಅಂಕಪಟ್ಟಿಯ ಪೈಲಟ್ ಲೈಸೆನ್ಸ್ ಹಗರಣ ಬಯಲಾಗಿತ್ತು. ಪೈಲಟ್‌ಗಳ ಮಾತಿನಲ್ಲಿ "ಪಾರ್ಕರ್ ಪೆನ್ ಗಂಟೆ" ಎಂದರೆ ಹಾರದೆ ಬರೆದುಕೊಂಡ ಗಂಟೆ. ಹಾಗಾಗಿ ಲಾಗ್‌ಬುಕ್ಕಿನ ಪ್ರತಿ ಸಾಲಿಗೂ ನೀವು ಉತ್ತರ ಕೊಡುವಂತಿರಬೇಕು.

ಕಾರವಾರದ ಹುಡುಗಿಗೆ ಬೇಕಾಗಿರುವುದು ಇದೇ. ಅವಳು ನಿಂತದ್ದು ಎಲ್ಲಿ ಎಂದು ಕೇಳಿದೆ. ಜುಲೈನಲ್ಲಿ ಕಾರವಾರದಲ್ಲಿ ಸುರಿಯುವಷ್ಟು ಮಳೆ ಹುಬ್ಬಳ್ಳಿಯಲ್ಲಿ ಯಾಕಿಲ್ಲ ಎಂದು ಕೇಳಿದರಂತೆ. "ಓರೋಗ್ರಾಫಿಕ್ ಲಿಫ್ಟಿಂಗ್" ಎಂದು ವ್ಯಾಖ್ಯೆ ಒಪ್ಪಿಸಿದಳು. "ಸರಿ, ಪೂರ್ವದಿಂದ ಘಟ್ಟ ದಾಟಿ ಗೋವಾಕ್ಕೆ ಇಳಿಯುತ್ತಿದ್ದೀರಿ, ಕಿಟಕಿಯಲ್ಲಿ ಏನು ಕಾಣುತ್ತದೆ, ಏನು ಯೋಚಿಸುತ್ತೀರಿ?" ಎಂದಾಗ ಮೌನ. ಹುಟ್ಟಿದಾಗಿನಿಂದ ಆ ಮಳೆಯಲ್ಲಿ ನೆನೆದವಳು ಅವಳು. ಕಡಲ ಗಾಳಿ ಘಟ್ಟಕ್ಕೆ ತಾಗಿ ಮೇಲೇರಿ ತಣಿದು ಮಳೆಯಾಗುತ್ತದೆ, ಆಚೆ ಇಳಿಯುವಾಗ ಬೆಚ್ಚಗಾಗಿ ಒಣಗುತ್ತದೆ ಎಂಬುದು ಅವಳಿಗೆ ಪುಸ್ತಕ ಮುಟ್ಟುವ ಮೊದಲೇ ಗೊತ್ತಿತ್ತು. ಘಟ್ಟದ ನೆತ್ತಿಗೆ ಅಂಟಿ ನಿಂತ ಮೋಡ, ಅದರೊಳಗೆ ಅಡಗಿರಬಹುದಾದ ಸಿಬಿ ಎಂಬ ಗುಡುಗು ಮೋಡ, ಗಾಳಿಮರೆಯ ಕಡೆಯ ಕುಲುಕಾಟ, ಕುಸಿದ ದೃಶ್ಯತೆ, ಬೇರೆ ನಿಲ್ದಾಣಕ್ಕೆ ತಿರುಗಲು ಇಂಧನ ಸಾಕೇ ಎಂಬ ಲೆಕ್ಕ, ಇಷ್ಟನ್ನು ತನ್ನ ಮಾತಿನಲ್ಲಿ ಹೇಳಿದ್ದರೆ ಸಾಕಿತ್ತು. ಗೊತ್ತಿರುವುದನ್ನು ಬಾಯಿಗೆ ತರಿಸಲು ಎದುರಿಗೆ ಒಬ್ಬರು ಕೂತು ಮತ್ತೆ ಮತ್ತೆ ಕೆದಕಬೇಕು. ಅಂಥ ಎರಡು-ಮೂರು ಕೂಟಕ್ಕೆ ದುಡ್ಡು ಕೊಡುವುದು ದಂಡವಲ್ಲ. ನಿಮ್ಮ ಫ್ಲೈಯಿಂಗ್ ಸ್ಕೂಲಿನ ಸೀನಿಯರ್ ಒಬ್ಬರು ಕಂಪನಿ ಸೇರಿದ್ದರೆ ಇದು ಪುಕ್ಕಟೆಯೇ ಆಗಬಹುದು. ಕೇಳಲು ಸಂಕೋಚ ಬೇಡ, ನನ್ನನ್ನು ಕೂರಿಸಿಕೊಂಡವರೂ ದುಡ್ಡು ತೆಗೆದುಕೊಳ್ಳಲಿಲ್ಲ.

ಸಿಮ್ಯುಲೇಟರ್ ಅಭ್ಯಾಸ

ಸಂದರ್ಶನ ದಾಟಿ ಸಿಮ್ ಚೆಕ್‌ಗೆ ಕರೆ ಬಂದವರಿಗೆ ಮಾತ್ರ. ಸೆಸ್ನಾದಲ್ಲಿ 65 ನಾಟ್ ಆಸುಪಾಸಿನಲ್ಲಿ ಇಳಿಯುತ್ತಿದ್ದ ಕೈಗೆ ಎ320ರ 135 ನಾಟ್ ಎಂದರೆ ಎಲ್ಲವೂ ಎರಡು ಪಟ್ಟು ಬೇಗ ಎದುರಾಗುತ್ತದೆ. ಪಿಚ್ (ಮೂತಿಯ ಕೋನ) ಇಷ್ಟು, ಪವರ್ ಇಷ್ಟು ಎಂದು ಹಿಡಿದಿಟ್ಟು, ಉಪಕರಣಗಳ ಮೇಲೆ ಕಣ್ಣು ಓಡಿಸುತ್ತಲೇ ಇರುವ ಶಿಸ್ತನ್ನು ಅಲ್ಲಿ ನೋಡುತ್ತಾರೆ. ಚಂದದ ಲ್ಯಾಂಡಿಂಗ್‌ಗಿಂತ, ಮಾಡಿದ ತಪ್ಪನ್ನು ಎಷ್ಟು ಬೇಗ ಗುರುತಿಸಿ ತಿದ್ದಿದಿರಿ ಎಂಬುದಕ್ಕೆ ಬೆಲೆ. ಬೆಂಗಳೂರಿನಲ್ಲೂ ದೆಹಲಿ ಸುತ್ತಲೂ ಸಿಮ್ ಕೇಂದ್ರಗಳಿವೆ. ಅಲುಗಾಡದ, ಸರಳ ಸಿಮ್‌ನಲ್ಲಿ ಗಂಟೆಯ ದರ ಕಡಿಮೆ, ಪೂರ್ಣ ಚಲನೆಯದಕ್ಕೆ ಅದರ ಹಲವು ಪಟ್ಟು. ಮೊದಲ ನಾಲ್ಕು ಗಂಟೆ ಅಗ್ಗದ್ದರಲ್ಲಿ ಕಳೆದು, ಕೊನೆಯ ಒಂದು ಗಂಟೆ ದುಬಾರಿಯದರಲ್ಲಿ ಇನ್ನೊಬ್ಬರ ಜೊತೆ ಹಂಚಿಕೊಳ್ಳಿ. ಕರೆ ಬರುವ ಮೊದಲೇ ಮಾಡಿದ ಸಿಮ್ ಅಭ್ಯಾಸ ಆರು ತಿಂಗಳಲ್ಲಿ ಕೈಬಿಟ್ಟು ಹೋಗುತ್ತದೆ. ನನಗೆ ಹಾಗೆಯೇ ಆಯಿತು.

ಮನೆಯಲ್ಲೇ, ಮೂವರು ಸೇರಿ

ನನಗೆ ಕೆಲಸ ಕೊಡಿಸಿದ್ದು ಏನು ಎಂದು ಒಂದೇ ಮಾತಿನಲ್ಲಿ ಹೇಳು ಎಂದರೆ ಇದನ್ನೇ ಹೇಳುತ್ತೇನೆ. ಹೊನ್ನಾವರದ ಒಬ್ಬ, ಕಾರವಾರದ ಒಬ್ಬ, ನಾನು. ಮೂವರೂ ಕೆಲಸವಿಲ್ಲದವರು. ದಿನಾ ರಾತ್ರಿ ಒಂಬತ್ತಕ್ಕೆ ಫೋನು. ಒಬ್ಬೊಬ್ಬ ಹತ್ತು ಪ್ರಶ್ನೆ ತರಬೇಕು: ನ್ಯಾವಿಗೇಷನ್, ಮೆಟ್ (ಹವಾಮಾನ), ರೆಗ್ಯುಲೇಷನ್ಸ್, ಟೆಕ್ನಿಕಲ್, ಸರದಿಯಂತೆ. ಉತ್ತರ ಗೊತ್ತಿಲ್ಲದವನು ಮರುದಿನ ಅದನ್ನು ಉಳಿದಿಬ್ಬರಿಗೆ ಪಾಠ ಮಾಡಬೇಕು. ಮಳೆಗಾಲದಲ್ಲಿ ನಮ್ಮೂರಲ್ಲಿ ನೆಟ್‌ವರ್ಕ್ ಹೋದರೆ ನಾನು ಗುಡ್ಡದ ತುದಿಯ ಬಸ್‌ಸ್ಟಾಪಿಗೆ ಕೊಡೆ ಹಿಡಿದು ಹೋಗುತ್ತಿದ್ದೆ.

ಹೋಲ್ಡಿಂಗ್ ಎಂಟ್ರಿ, ಅಂದರೆ ಕಾಯುತ್ತ ಆಕಾಶದಲ್ಲಿ ಒಂದು ಗುರುತಿನ ಬಳಿ ಸುತ್ತುವ ಹಾದಿಗೆ ಸೇರಿಕೊಳ್ಳುವ ಕ್ರಮ, ನನಗೆ ತಲೆಗೆ ಹತ್ತಿದ್ದು ಅಡಿಕೆ ಒಣಗಿಸುವ ಅಂಗಳದಲ್ಲಿ. ತುಳಸಿಕಟ್ಟೆಯೇ ವಿಓಆರ್ (ವಿಮಾನಕ್ಕೆ ದಿಕ್ಕು ತೋರುವ ನೆಲದ ರೇಡಿಯೋ ಕೇಂದ್ರ). ಕೈಯಲ್ಲಿ ಮೊಬೈಲಿನ ದಿಕ್ಸೂಚಿ. ತಂಗಿ ಜಗಲಿಯ ಮೇಲೆ ಕೂತು "ಇನ್‌ಬೌಂಡ್ 090, ರೈಟ್ ಟರ್ನ್, ನೀನು 220ರಲ್ಲಿ ಬರ್ತಾ ಇದ್ದೆ" ಎನ್ನುವಳು. ನಾನು ನಡೆಯುತ್ತಲೇ ಲೆಕ್ಕ ಹಾಕಿ, ಪ್ಯಾರಲಲ್ಲೋ ಆಫ್‌ಸೆಟ್ಟೋ ಡೈರೆಕ್ಟೋ ಎಂದು ಕೂಗಿ, ಕಟ್ಟೆ ದಾಟಿದ ಮೇಲೆ ಹಾಗೆಯೇ ತಿರುಗಬೇಕು. ಯಾವ ದಿಕ್ಕಿನಿಂದ ಬಂದರೆ ಯಾವ ಎಂಟ್ರಿ ಎಂದು ಹೇಳುವ 110, 70, 180 ಡಿಗ್ರಿಯ ಮೂರು ಭಾಗ ಕಾಗದದ ಮೇಲೆ ಎಷ್ಟು ಗೀಚಿದರೂ ಹತ್ತದ್ದು ಕಾಲಿಗೆ ಎರಡು ವಾರದಲ್ಲಿ ಹತ್ತಿತು. ಸಿಮ್‌ನಲ್ಲಿ ಹೋಲ್ಡ್ ಕೊಟ್ಟಾಗ ನನ್ನ ಕಣ್ಣಿಗೆ ಬಂದದ್ದು ಅಂಗಳವೇ.

ಇದರ ಕೊರತೆಯನ್ನೂ ಹೇಳಬೇಕು. ಮೂವರೂ ಒಂದೇ ತಪ್ಪು ಮಾಡುತ್ತಿದ್ದರೆ ತಿದ್ದುವವರಿಲ್ಲ. ನಾವು ಒಂದು ಹಳೆಯ ನಿಯಮವನ್ನು ತಿಂಗಳುಗಟ್ಟಲೆ ಸರಿಯೆಂದೇ ಓದಿಕೊಂಡಿದ್ದೆವು. ಅದಕ್ಕೇ ನಡುವೆ ಒಮ್ಮೆ ಹೊರಗಿನ ಒಬ್ಬರ ಕಣ್ಣು ಬೇಕು.

ಯಾರಿಗೆ ಯಾವುದು

ಕೈಲಿ ಹತ್ತು ಸಾವಿರವೂ ಕಷ್ಟ ಎನ್ನುವವರು ಮೂವರ ಗುಂಪು ಕಟ್ಟಿ, ಒಬ್ಬ ಸೀನಿಯರನ್ನು ಹಿಡಿಯಿರಿ. ಮೂವತ್ತು-ನಲವತ್ತು ಸಾವಿರ ಹೊಂದಿಸಬಹುದು ಎನ್ನುವವರು ಅದರಲ್ಲಿ ಅರ್ಧವನ್ನು ಆಯ್ಕೆಯ ಪ್ರಯಾಣಕ್ಕೆಂದೇ ತೆಗೆದಿಟ್ಟು, ಉಳಿದದ್ದರಲ್ಲಿ ಎರಡು ಮಾಕ್ ಸಂದರ್ಶನ ಮಾಡಿಸಿಕೊಳ್ಳಿ. ಸಿಮ್‌ಗೆ ಕರೆ ಬಂದ ಮೇಲೆ ಕೈಬಿಚ್ಚಿ. ಟೈಪ್ ರೇಟಿಂಗ್ ಸ್ವಂತ ದುಡ್ಡಿನಲ್ಲಿ ಮೊದಲೇ ಮಾಡಿಕೊಳ್ಳಲೇ ಎಂದು ಕೇಳುವವರಿದ್ದಾರೆ. ಅದು ಹಲವು ಲಕ್ಷದ ಮಾತು, ರೇಟಿಂಗ್ ಮಾಡಿಕೊಂಡ ವಿಮಾನವನ್ನೇ ಹಾರಿಸುವ ಕಂಪನಿ ಕರೆಯಬೇಕು. ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ, ಗೋ ಫಸ್ಟ್ 2023ರ ಮೇನಲ್ಲಿ ನಿಂತಾಗ ಟೈಪ್ ರೇಟಿಂಗ್ ಇದ್ದ ಅನುಭವಿಗಳೇ ಕೆಲಸ ಹುಡುಕುವ ಸಾಲಿಗೆ ಬಂದರು. ಸಾಲ ಮಾಡಿ ಆ ದಾರಿಗೆ ಇಳಿಯಬೇಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಪಿಯುಸಿಯಲ್ಲಿರುವವರಿಗೆ ಒಂದು ಮಾತು: ಕಂಪನಿಗಳ ಕೆಡೆಟ್ ಯೋಜನೆಯಲ್ಲಿ ಆಯ್ಕೆ ನಡೆಯುವುದು ತರಬೇತಿಗೆ ಮೊದಲೇ. ಅಂಥವರಿಗೆ ಗುಂಪು ಚಟುವಟಿಕೆ ಮತ್ತು ಸೈಕೋಮೆಟ್ರಿಕ್ ಅಭ್ಯಾಸ ಈಗಲೇ ಬೇಕು. ನೌಕಾಪಡೆ, ವಾಯುಪಡೆಗೆ ಹೋಗುವವರ ಎಸ್‌ಎಸ್‌ಬಿ (ಸೇನಾ ಅಧಿಕಾರಿಗಳ ಆಯ್ಕೆ ಪರೀಕ್ಷೆ) ಬೇರೆಯೇ ಲೋಕ, ಅದನ್ನು ಇದರೊಂದಿಗೆ ಬೆರೆಸಬೇಡಿ.

ಅಂಕೋಲಾದ ತಾಯಿಗೆ ನಾನು ಕೇಳಿದ್ದು, "ಮಗ ಲಿಖಿತ ಪರೀಕ್ಷೆ ಪಾಸಾಗಿದ್ದಾನಾ?" ಇನ್ನೂ ಬರೆದೇ ಇಲ್ಲವಂತೆ. ಹಾಗಿದ್ದರೆ ಎಂಬತ್ತು ಸಾವಿರ ಬ್ಯಾಂಕಿನಲ್ಲೇ ಇರಲಿ ಎಂದೆ. ಕಾರವಾರದವಳು ಭಾನುವಾರ ಸಂಜೆ ನನ್ನೊಂದಿಗೆ ಮಾಕ್ ಕೂರುತ್ತಾಳೆ, ತನ್ನ ಲಾಗ್‌ಬುಕ್ಕಿನ ಹತ್ತು ಹಾರಾಟಗಳನ್ನು ಆರಿಸಿ ತರಲು ಹೇಳಿದ್ದೇನೆ. ಕುಮಟಾದ ಹುಡುಗನ ಲೈಸೆನ್ಸ್ ನೋಡಿದೆ. ಇನ್‌ಸ್ಟ್ರುಮೆಂಟ್ ರೇಟಿಂಗಿನ (ಹೊರಗೆ ಕಾಣದಾಗ ಉಪಕರಣ ನೋಡಿಯೇ ಹಾರಿಸುವ ಅರ್ಹತೆ) ವಾರ್ಷಿಕ ಚೆಕ್‌ನ ಅವಧಿ ಮುಗಿದುಹೋಗಿದೆ, ಕ್ಲಾಸ್ 1 ಮೆಡಿಕಲ್‌ನ ಹನ್ನೆರಡು ತಿಂಗಳೂ ಮುಂದಿನ ತಿಂಗಳು ತುಂಬುತ್ತವೆ. ಅರ್ಜಿಯ ಮೊದಲ ಪುಟದಲ್ಲೇ ಕೇಳುವ ಎರಡು ದಿನಾಂಕ ಅವು. ಮುಂದಿನ ವಾರ ಬೆಂಗಳೂರಿನ ಮೇಳಕ್ಕೆಂದು ತೆಗೆದಿಟ್ಟಿದ್ದ ದುಡ್ಡಿನಲ್ಲಿ ಮೊದಲು ಮೆಡಿಕಲ್‌ನ ದಿನ ಗೊತ್ತುಮಾಡಿಕೊಳ್ಳಲು ಹೇಳಿದೆ.